ಆಪ್ತಸಲಹೆ ಪ್ರಕರಣ: ರಾಜೀನಾಮೆಗೆ ಸಹಿ ಹಾಕೋ ಮುಂಚೆ

ಹೆಸರು, ಊರು, ಕೆಲಸದ ವಿವರ ಎಲ್ಲಾ ಬದಲಿಸಿದ್ದೀನಿ, ಬರೆಯೋಕೆ ಅವನ ಒಪ್ಪಿಗೆನೂ ಇದೆ. ಇಲ್ಲಿ ಮನು ಅಂತ ಕರೀತೀನಿ. 2024ರಲ್ಲಿ ನನ್ನ ಹತ್ರ ಬಂದಾಗ 26 ವರ್ಷ, ಕರ್ನಾಟಕದ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ಸೆಕ್ಷನ್‌ನಲ್ಲಿ ಮೂರು ವರ್ಷದಿಂದ ಕೆಲಸ ಮಾಡ್ತಿದ್ದ. ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ರು, ಅವನು ಟ್ರಾನ್ಸ್ ಮ್ಯಾನ್, ಅಂದ್ರೆ ತನ್ನನ್ನ ಗಂಡು ಅಂತಲೇ ಗುರುತಿಸ್ಕೊಳ್ಳೋನು.

ಒಳಗೆ ಬಂದಾಗ "ಬಾಪ್ಪ, ಕೂತ್ಕೋ" ಅಂದೆ, ಅವನು ಬಾಗಿಲ ಹತ್ರಾನೇ ಒಂದು ಗಳಿಗೆ ನಿಂತುಬಿಟ್ಟ. ಆಮೇಲೆ ಗೊತ್ತಾಯ್ತು, ಆಫೀಸಲ್ಲಿ ಮ್ಯಾನೇಜರ್ ಬೇಕಂತಲೇ ಮೀಟಿಂಗಲ್ಲಿ ಎಲ್ಲರ ಮುಂದೆ "ಏನಮ್ಮಾ, ಎಂಟ್ರಿ ಆಯ್ತೇನಮ್ಮಾ" ಅಂತ ಒಂದೇ ಮಾತಲ್ಲಿ ಎರಡು ಸಲ ಅಮ್ಮ ಸೇರಿಸಿ ಕರೀತಾರಂತೆ. ಕನ್ನಡದಲ್ಲಿ ಒಬ್ಬರ ಬಗ್ಗೆ ಏಕವಚನದಲ್ಲಿ ಮಾತಾಡಿದ್ರೆ ಬಂದ, ಬಂದ್ಲು, ಹೋದ, ಹೋದ್ಲು ಅಂತ ಎಷ್ಟೋ ಕ್ರಿಯಾಪದದಲ್ಲಿ ಗಂಡೋ ಹೆಣ್ಣೋ ಅಂತ ಹೇಳ್ಲೇಬೇಕು, ಅಂದ್ರೆ ದಿನಕ್ಕೆ ನೂರು ಸಲ ಚುಚ್ಚೋಕೆ ಅವಕಾಶ. ಇದನ್ನ "ಸಣ್ಣ ವಿಷ್ಯ, ತಲೆಗೆ ಹಾಕೋಬೇಡ" ಅಂತ ಹೇಳೋರನ್ನ ನಾನು ಒಪ್ಪಲ್ಲ.

ಅವತ್ತು ಟೇಬಲ್ ಮೇಲೆ ನೀರಿಟ್ಟಿದ್ದೆ. ಒಂದೂವರೆ ಗಂಟೆ ಮಾತಾಡಿದ್ರೂ ಲೋಟ ಮುಟ್ಟಲಿಲ್ಲ, ತುಟಿ ನೋಡಿದ್ರೆ ಒಣಗಿ ಬಿರುಕು ಬಿಟ್ಟಿದೆ. ಕುಡಿಯಪ್ಪ ಅಂದ್ರೆ "ಅಭ್ಯಾಸ ಇಲ್ಲ ಮೇಡಂ" ಅಂದ. ಬೆಳಿಗ್ಗೆ ಎಂಟಕ್ಕೆ ಮನೇಲಿ ಒಂದು ಲೋಟ, ಮತ್ತೆ ಸಂಜೆ ಏಳಕ್ಕೆ ಮನೆಗೆ ಬಂದ್ಮೇಲೇನೇ. ಲೇಡೀಸ್ ಟಾಯ್ಲೆಟ್‌ಗೆ ಹೋದ್ರೆ ಹುಡುಗೀರು ಕಿರುಚ್ತಾರೆ, ಜೆಂಟ್ಸ್‌ಗೆ ಹೋದ್ರೆ ಸೆಕ್ಯೂರಿಟಿಯವರು ತಡೀತಾರೆ, ಹಾಗಾಗಿ ನೀರೇ ಬಿಟ್ಟಿದ್ದ. ಎರಡು ಸಲ ಮೂತ್ರದ ಸೋಂಕಾಗಿ ಜ್ವರ ಬಂದಿತ್ತು, ರಜಾ ಚೀಟೀಲಿ ಮಾತ್ರ ಬರೀ ಜ್ವರ ಅಂತಷ್ಟೇ ಬರೆದಿದ್ದ.

ಅವನು ಬಂದಿದ್ದು ಈ ವಿಷ್ಯಕ್ಕಲ್ಲ. ಐಡಿ ಕಾರ್ಡಲ್ಲಿ ಹೆಸರು ಬದಲಿಸಿ ಅಂತ ಎಚ್‌ಆರ್‌ಗೆ ಮೇಲ್ ಹಾಕಿದ್ದಕ್ಕೆ "ಆಪರೇಷನ್ ಸರ್ಟಿಫಿಕೇಟ್ ತಗೊಂಡು ಬನ್ನಿ" ಅಂದ್ರಂತೆ, ಒಂದು ವಾರಕ್ಕೆ ಸೀಟು ಹಳೇ ಫೈಲ್ ಇಡೋ ರೂಮಿಗೆ ಹೋಯ್ತು, ಇನ್ನೊಂದು ತಿಂಗಳಿಗೆ ರಾಜೀನಾಮೆ ಪತ್ರ ಅವರೇ ಟೈಪ್ ಮಾಡಿ ಕೊಟ್ಟು, ಸಹಿ ಹಾಕಿದ್ರೆ ಒಳ್ಳೆ ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಡ್ತೀವಿ ಅಂದಿದ್ರು. ಸೋಮವಾರದೊಳಗೆ ಕೊಡ್ಬೇಕಿತ್ತು, ಅವನು ನನ್ನೆದುರು ಕೂತಿದ್ದು ಗುರುವಾರ.

ನಾನು ಕೊಟ್ಟ ಮೊದಲ ಸಲಹೆ ಒಂದೇ, ಸಹಿ ಹಾಕ್ಬೇಡ. ಕೆಲಸ ಬಿಡ್ಬೇಕಾ ಬೇಡ್ವಾ ಅನ್ನೋದು ಅವನ ತೀರ್ಮಾನ, ಅದರಲ್ಲಿ ನಾನು ಮಾತಾಡಲ್ಲ, ಆದ್ರೆ ಹೆದರಿಕೆಯಲ್ಲಿ ಹಾಕಿದ ಸಹಿ ಆಮೇಲೆ "ಅವರೇ ಇಷ್ಟಪಟ್ಟು ಬಿಟ್ರು" ಅಂತ ಆಗಿಬಿಡುತ್ತೆ. ಅವರಾಗೇ ತೆಗೆದ್ರೆ ಕಾರ್ಮಿಕ ಇಲಾಖೆಗೆ ಹೋಗೋ ದಾರಿನಾದ್ರೂ ಇರುತ್ತೆ, ಸ್ವಂತ ರಾಜೀನಾಮೆ ಕೊಟ್ಟಮೇಲೆ ಅದು ತುಂಬಾ ಕಷ್ಟ. ಎರಡನೇದು ಡಾಕ್ಟರ್ ಹತ್ರ ಹೋಗೋದು, ನೀರು ಕುಡಿಯೋದು. ಕಾನೂನು ಆಮೇಲೆ, ಮೊದ್ಲು ಕಿಡ್ನಿ ಉಳೀಬೇಕಲ್ವಾ.

ಕಾನೂನಿನ ವಿಷ್ಯ ಅವನಿಗೆ ಗೊತ್ತೇ ಇರ್ಲಿಲ್ಲ, ಅವನ ಕಂಪನಿಗೂ ಗೊತ್ತಿರ್ಲಿಲ್ಲ ಅನ್ಸುತ್ತೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಸಂರಕ್ಷಣಾ ಕಾಯ್ದೆ ಖಾಸಗಿ ಕಂಪನಿಗೂ ಅನ್ವಯ ಆಗುತ್ತೆ. ನೇಮಕಾತಿ, ಬಡ್ತಿ, ಕೆಲಸಕ್ಕೆ ಸಂಬಂಧಿಸಿದ ಯಾವುದರಲ್ಲೂ ತಾರತಮ್ಯ ಮಾಡೋ ಹಾಗಿಲ್ಲ ಅಂತ ಅದರ 9ನೇ ಸೆಕ್ಷನ್ ಹೇಳುತ್ತೆ. 11ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೇಲೂ ಒಬ್ಬ ದೂರು ಅಧಿಕಾರಿ ಇರ್ಲೇಬೇಕು. 2020ರ ನಿಯಮಗಳ ಪ್ರಕಾರ ದೂರು ಬಂದ 15 ದಿನದೊಳಗೆ ಆ ಅಧಿಕಾರಿ ವಿಚಾರಣೆ ಮಾಡ್ಬೇಕು, ವರದಿ ಕೊಟ್ಟ 15 ದಿನದೊಳಗೆ ಸಂಸ್ಥೆಯ ಮುಖ್ಯಸ್ಥರು ಕ್ರಮ ತಗೋಬೇಕು. ಸಮಾನ ಅವಕಾಶದ ಪಾಲಿಸಿ ಅಂತ ಒಂದು ಬರೆದು ಎಲ್ಲರಿಗೂ ಕಾಣೋ ಹಾಗೆ ಹಾಕ್ಬೇಕು, ಅದರಲ್ಲಿ ಟಾಯ್ಲೆಟ್ ವ್ಯವಸ್ಥೆ, ಸುರಕ್ಷತೆ, ನೌಕರರ ಲಿಂಗತ್ವದ ವಿಷ್ಯ ಗುಟ್ಟಾಗಿ ಇಡೋದು ಎಲ್ಲಾ ಇರ್ಬೇಕು. ಟಾಯ್ಲೆಟ್ ಅನ್ನೋ ಪದ ನಿಯಮದಲ್ಲೇ ಇದೆ ಅಂತ ಓದಿ ತೋರಿಸಿದಾಗ ಮನು ಆ ಸಾಲನ್ನ ಮತ್ತೆ ಓದಿ ಅಂತ ಕೇಳಿದ.

ಆಪರೇಷನ್ ವಿಷ್ಯಕ್ಕೆ ಬಂದ್ರೆ, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ (ನಾಲ್ಸಾ) ಹಾಕಿದ್ದ ಕೇಸಿನ 2014ರ ತೀರ್ಪಲ್ಲೇ ಸುಪ್ರೀಂ ಕೋರ್ಟ್ ಲಿಂಗತ್ವ ಹೇಳ್ಕೊಳ್ಳೋಕೆ ಸರ್ಜರಿ ಮಾಡಿಸ್ಲೇಬೇಕು ಅನ್ನೋದು ಕಾನೂನುಬಾಹಿರ ಅಂದಿತ್ತು. ಆಗಿನ ನಿಯಮದ ಪ್ರಕಾರ ಟ್ರಾನ್ಸ್‌ಜೆಂಡರ್ ಅನ್ನೋ ಗುರುತಿನ ಪತ್ರ ಡಿಸಿ ಕೊಡ್ತಿದ್ರು, ಅಫಿಡವಿಟ್ ಸಾಕಿತ್ತು, ವೈದ್ಯಕೀಯ ಪರೀಕ್ಷೆ ಬೇಕಿರ್ಲಿಲ್ಲ. ಅದನ್ನ ಪುರುಷ ಅಂತ ಬದಲಿಸೋಕೆ ಮಾತ್ರ ಆಸ್ಪತ್ರೆ ಪತ್ರ ಬೇಕಿತ್ತು. ಎರಡನೇದಕ್ಕೆ ಬೇಕಾದ ಪತ್ರಾನ ಎಚ್‌ಆರ್ ಮೊದಲನೇದಕ್ಕೇ ಕೇಳ್ತಿದ್ರು. ಗುರುತಿನ ಪತ್ರಕ್ಕೆ ಅರ್ಜಿ ಸರ್ಕಾರದ ಪೋರ್ಟಲ್‌ನಲ್ಲಿ ಹಾಕಿದ್ವಿ, ಮನೆ ವಿಳಾಸಕ್ಕೆ ಪತ್ರ ಬಂದ್ರೆ ಅಪ್ಪನಿಗೆ ಗೊತ್ತಾಗುತ್ತೆ ಅಂತ ಎರಡು ದಿನ ಯೋಚನೆ ಮಾಡಿ ಆಮೇಲೆ ಅಮ್ಮನಿಗೆ ತಾನೇ ಹೇಳಿದ. ಅಮ್ಮ ಅತ್ತು, ಆಮೇಲೆ "ಸರ್ಕಾರಿ ಕೆಲಸಕ್ಕಾದ್ರೂ ಹಾಕೋ, ಅಲ್ಲಿ ನಿಮಗೆ ಮೀಸಲಾತಿ ಇದೆಯಂತಲ್ಲ" ಅಂದ್ರಂತೆ. ಹೌದು, 2021ರಲ್ಲಿ ಕರ್ನಾಟಕ ಸರ್ಕಾರ ನೇಮಕಾತಿ ನಿಯಮ ತಿದ್ದಿ ಶೇ 1ರಷ್ಟು ಮೀಸಲಾತಿ ಕೊಟ್ಟಿದೆ. ಆ ತಾಯಿ ಅದನ್ನ ಎಲ್ಲೋ ಕೇಳಿ ನೆನಪಿಟ್ಕೊಂಡಿದ್ರು ಅಂದ್ರೆ ಮಗನ ವಿಷ್ಯ ಅವರಿಗೆ ಮೊದ್ಲೇ ಗೊತ್ತಿತ್ತು ಅಂತ ನನ್ನ ಅನಿಸಿಕೆ.

ದೂರು ಪತ್ರ ಅವನ ಕೈಲೇ ಬರೆಸಿದೆ. ಮೊದಲ ಪ್ರತೀಲಿ ಎಂಟು ಪುಟ ಕೋಪ, ಅದು ಬೇಕಿತ್ತು, ಅದನ್ನ ನನ್ನ ಹತ್ರ ಇಟ್ಕೊಂಡೆ. ಕಂಪನಿಗೆ ಹೋಗಿದ್ದು ಒಂದೂವರೆ ಪುಟ, ತಾರೀಕು, ಯಾರು, ಏನಂದ್ರು, ಯಾರಿದ್ರು, ಅಷ್ಟೇ. ಕೇಳಿದ್ದು ನಾಲ್ಕು, ದೂರು ಅಧಿಕಾರಿ ಯಾರು ಅಂತ ತಿಳಿಸಿ, ಹಳೇ ಸೀಟು ಕೊಡಿ, ಟಾಯ್ಲೆಟ್ ವ್ಯವಸ್ಥೆ ಮಾಡಿ, ನನ್ನ ವಿಷ್ಯ ಇಡೀ ಆಫೀಸಿಗೆ ಹೇಳ್ಬೇಡಿ. ಮೇಲ್ ಕಾಪಿ ಸ್ವಂತ ಐಡಿಗೂ ಕಳಿಸ್ಕೋ ಅಂದೆ, ಯಾಕಂದ್ರೆ ಆಫೀಸ್ ಅಕೌಂಟ್ ಯಾವಾಗ ಬೇಕಾದ್ರೂ ಬ್ಲಾಕ್ ಆಗ್ಬಹುದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್ ವಕೀಲರೊಬ್ಬರಿಗೂ ತೋರಿಸಿದ್ವಿ, ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ದಾರಿ ಕೇಳಿದ್ದು.

ಒಂದು ಮಾತು ಮುಚ್ಚಿಡದೆ ಹೇಳಿದ್ದೆ. ಕೆಲಸದಲ್ಲಿ ತಾರತಮ್ಯ ಮಾಡಬಾರದು ಅನ್ನೋ ಸೆಕ್ಷನ್ ಇದೆ, ಆದ್ರೆ ಬರೀ ಅದಕ್ಕಂತ ಶಿಕ್ಷೆ ಈ ಕಾಯ್ದೆಯಲ್ಲಿ ಬರೆದಿಲ್ಲ. ಮಾತಿಂದ, ಮನಸ್ಸಿಗೆ, ದುಡ್ಡಿನ ವಿಷ್ಯದಲ್ಲಿ ಹಿಂಸೆ ಕೊಟ್ರೆ 18ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಎರಡು ವರ್ಷ ಜೈಲು ಇದೆ, ಅದಕ್ಕೆ ಪೊಲೀಸ್ ಹತ್ರ ಹೋಗ್ಬೇಕು, ಅವನಿಗೆ ಅಷ್ಟು ದೂರ ಹೋಗೋಕೆ ಇಷ್ಟ ಇರ್ಲಿಲ್ಲ.

ದೂರು ಅಧಿಕಾರಿ ಇರ್ಲೇ ಇಲ್ಲ, ಪತ್ರ ಬಂದ್ಮೇಲೆ ನೇಮಿಸಿದ್ರು. ಸೀಟು ವಾಪಸ್ ಬಂತು, ಎರಡನೇ ಮಹಡೀಲಿ ಬೀಗ ಹಾಕಿದ್ದ ಗೆಸ್ಟ್ ಟಾಯ್ಲೆಟ್ ತೆಗೆದ್ರು, ಹೆಸರು ಬದಲಾಗೋಕೆ ಡಿಸಿ ಆಫೀಸ್ ಪತ್ರ ಬರೋವರೆಗೂ ಕಾಯಿಸಿದ್ರು. ಮ್ಯಾನೇಜರ್ ಈಗ ಅಮ್ಮಾ ಅನ್ನಲ್ಲ, ಮಾತೇ ಆಡ್ಸಲ್ಲ. ಅದೂ ನೋವೇ, ಅದರ ಬಗ್ಗೆ ಇನ್ನೂ ಮಾತಾಡ್ತಿದ್ದೀವಿ.

ಮನುನ ಪ್ರತಿ ಸಲ ಬೈಕಲ್ಲಿ ಕರ್ಕೊಂಡು ಬರ್ತಿದ್ದ ಫ್ರೆಂಡ್ ಅದೇ ಆಫೀಸಿನವನು, ಹೊರಗೇ ಕೂತಿರ್ತಿದ್ದ. ಐದನೇ ಸಲ ಒಳಗೆ ಬಂದು "ನಾನು ಗೇ ಮೇಡಂ, ನನ್ನ ನಡಿಗೆ ಆಕ್ಟ್ ಮಾಡಿ ನಗ್ತಾರೆ, ಈ ಕಾಯ್ದೆ ನನಗೂ ಬರುತ್ತಾ" ಅಂತ ಕೇಳಿದ. ಬರಲ್ಲ ಅಂತ ಹೇಳ್ಬೇಕಾಯ್ತು. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು, ವಯಸ್ಕರು ಒಪ್ಪಿ ನಡೆಸೋ ಸಲಿಂಗ ಸಂಬಂಧಕ್ಕೆ ಐಪಿಸಿ 377ನೇ ಸೆಕ್ಷನ್ ಅಂಟಿಸಿದ್ದ ಅಪರಾಧದ ಹಣೆಪಟ್ಟಿ ತೆಗೀತು, ಲೈಂಗಿಕ ಒಲವಿನ ಮೇಲೆ ತಾರತಮ್ಯ ಸಂವಿಧಾನಕ್ಕೆ ವಿರುದ್ಧ ಅಂತು, ಆದ್ರೆ ಖಾಸಗಿ ಕಂಪನಿಯನ್ನ ನೇರವಾಗಿ ಹಿಡಿಯೋ ಅಂಥಾ ಕಾಯ್ದೆ ಗೇ, ಲೆಸ್ಬಿಯನ್ ನೌಕರರಿಗೆ ಇರ್ಲಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳದ ದೂರು ನೋಡೋ ಪಾಶ್ ಸಮಿತಿ ಕಾನೂನು ಪ್ರಕಾರ ಹೆಂಗಸರ ದೂರಿಗೆ ಮಾತ್ರ. ಅವನಿಗೆ ಉಳಿಯೋದು ಕಂಪನಿಯ ನಡತೆ ನಿಯಮ. ಒಂದೇ ಬೈಕಲ್ಲಿ ಬಂದ ಇಬ್ಬರಿಗೆ ಎರಡು ಉತ್ತರ ಕೊಡೋದು ನನಗೆ ತುಂಬಾ ಕಷ್ಟ ಆಯ್ತು.

ನೀನು ಗೇ ಅಂತ ಬರೀದೇನೂ ದೂರು ಕೊಡ್ಬಹುದು ಅಂದೆ, ಅಣಕಿಸ್ತಾರೆ, ಕೆಲಸ ಮಾಡೋಕೆ ಬಿಡಲ್ಲ ಅಂತ ಅವರ ನಡತೆ ಬಗ್ಗೆ ಮಾತ್ರ ಬರಿ, ಬೇರೆ ವಿಷ್ಯ ಯಾವಾಗ ಯಾರಿಗೆ ಹೇಳ್ಬೇಕು ಅನ್ನೋದು ನಿನ್ನ ಕೈಲಿರ್ಲಿ, ಬರೆದಮೇಲೆ ವಾಪಸ್ ತಗೊಳ್ಳೋಕಾಗಲ್ಲ. ಅವನು ಇನ್ನೂ ಕೊಟ್ಟಿಲ್ಲ. ಒಂದು ಸಣ್ಣ ಡೈರಿ ಇಟ್ಟಿದ್ದಾನೆ, ತಾರೀಕು ಹಾಕಿ ನಡೆದಿದ್ದನ್ನ ಬರೀತಿದ್ದಾನೆ, ಹದಿನೈದು ದಿನಕ್ಕೊಮ್ಮೆ ಈಗ ಅವನೊಬ್ಬನೇ ಬರ್ತಾನೆ.