ಮುಳುಗುವ ಮೊದಲು ಲಕ್ಷದ್ವೀಪ ನೋಡಬೇಕೇ?

ಪ್ರಶ್ನೆ: ಬರುವ ಜನವರಿಗೆ ನಮ್ಮ ಮದುವೆಯಾಗಿ 25 ವರ್ಷ. ಲಕ್ಷದ್ವೀಪಕ್ಕೆಂದು ಹಣ ಕೂಡಿಟ್ಟಿದ್ದೇವೆ. ‘ಬೇಗ ಹೋಗಿ, ಆಮೇಲೆ ಮುಳುಗಿಹೋಗುತ್ತೆ’ ಅಂತಾನೆ ಮಗ. ‘ಪ್ರವಾಸಿಗಳಿಂದಲೇ ಅದು ಹಾಳಾಗ್ತಿರೋದು’ ಅಂತ ಮಗಳು ಜಗಳಕ್ಕೆ ನಿಂತಿದ್ದಾಳೆ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೋಗಿ ಬನ್ನಿ ಅಮ್ಮಾ. ಆದರೆ ಮಗ ಹೇಳಿದ ಕಾರಣಕ್ಕೆ ಬೇಡ. ಕೊನೆಯ ಸಲ ಮುಖ ನೋಡಿ ಬರುವವರ ಹಾಗೆ ಜನ ಅಲ್ಲಿಗೆ ಧಾವಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. 2011ರ ಜನಗಣತಿಯಲ್ಲೇ 64 ಸಾವಿರಕ್ಕೂ ಹೆಚ್ಚು ಮಂದಿಯ ಊರು ಅದು.

ಮಂಗಳೂರಿನ ಹಳೇ ಬಂದರಿನ ಪಕ್ಕ ಬೆಳೆದವಳು ನಾನು. ಕಡಮತ್, ಅಮಿನಿ, ಕಿಲ್ತಾನ್ ಮುಂತಾದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ತೆಂಗಿನ ನಾರಿನ ಹುರಿ ತಂದು ಕೊಟ್ಟು ಅಕ್ಕಿ ಒಯ್ಯುತ್ತಿದ್ದುದನ್ನು ಅಜ್ಜ ಹೇಳುತ್ತಿದ್ದರು. ಜಲ್ಲಿ, ಸಿಮೆಂಟು, ತರಕಾರಿ ಹೇರಿಕೊಂಡು ಮಂಜಿ ಎಂಬ ಮರದ ಸರಕುನೌಕೆಗಳು ಅತ್ತ ಹೋಗುವುದು ಈಗಲೂ ಇದೆ. ಹಾಗಾಗಿ ಅದು ನನಗೆ ಪರವೂರಲ್ಲ.

1997ರ ಜನವರಿಯಲ್ಲಿ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆದುಕೊಂಡು ಮೊದಲ ಸಲ ಕಡಮತ್‌ಗೆ ಹೋದೆ. ಮುಖವಾಡ ತೊಟ್ಟು ನೀರಿಗೆ ತಲೆ ತಗ್ಗಿಸಿದರೆ ಜಿಂಕೆಗೊಂಬಿನಂತೆ ಕವಲೊಡೆದ ಹವಳ, ಕಣ್ಣು ಹಾಯುವಷ್ಟು ದೂರ. ಮರುವರ್ಷವೇ ಸಮುದ್ರ ಕಾದು ಹವಳ ಬೆಳ್ಳಗಾಯಿತು. ಹವಳದ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯೇ ಅದಕ್ಕೆ ಬಣ್ಣ, ಅನ್ನ ಎರಡೂ. ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದು ಡಿಗ್ರಿಯಷ್ಟು ಏರಿ ಕೆಲವು ವಾರ ಹಾಗೇ ನಿಂತರೆ ಆ ಪಾಚಿ ಹೊರಬೀಳುತ್ತದೆ, ಹವಳ ಹಸಿಯುತ್ತದೆ. ಬೇಗ ತಣಿದರೆ ಬದುಕಿಕೊಳ್ಳುತ್ತದೆ. 2010, 2016, 2024ರಲ್ಲೂ ಹೀಗೇ ಆಯಿತು. ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು 1998ರಿಂದ ಅಲ್ಲಿ ನೀರಿಗಿಳಿದು ಲೆಕ್ಕ ಇಡುತ್ತ ಬಂದಿದ್ದಾರೆ. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ಜೀವಂತ ಹವಳ 24 ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. 2025ರ ಫೆಬ್ರವರಿಯಲ್ಲಿ ನಾನು ಮತ್ತೆ ಹೋದಾಗ ಆ ಕೊಂಬುಗಳು ಮುರಿದು ಪಾಚಿ ಹಿಡಿದು ಬಿದ್ದಿದ್ದವು. ಬಂಡೆಯಂಥ ಗುಂಡು ಹವಳಗಳು ಇನ್ನೂ ಜೀವ ಹಿಡಿದಿದ್ದವು. ನೀರಿನಿಂದ ಎದ್ದು ಬಂದು ಬಹಳ ಹೊತ್ತು ನಾನು ಯಾರೊಡನೆಯೂ ಮಾತಾಡಲಿಲ್ಲ.

ನಿಮ್ಮ ಮಗನಿಗೆ ಇಷ್ಟು ಹೇಳಿ: ಈ ದ್ವೀಪಗಳು ಸಮುದ್ರಕ್ಕಿಂತ ಒಂದೆರಡು ಮೀಟರು ಎತ್ತರ ಅಷ್ಟೆ. ಅಲೆ ಮೊದಲು ಬಡಿಯುವುದು ಸುತ್ತಲಿನ ಹವಳದ ದಿಬ್ಬಕ್ಕೆ. ದಿಬ್ಬ ಸವೆದರೆ ಅಲೆ ನೇರ ದಡಕ್ಕೇ. ಬಂಗಾರಂ ಬಳಿಯ ಪರಳಿ ಎಂಬ ಜನವಿಲ್ಲದ ಪುಟ್ಟ ದ್ವೀಪವೊಂದು ಕೊರೆದುಹೋಗಿ ಇಲ್ಲವಾದದ್ದನ್ನು 2017ರಲ್ಲಿ ಸಂಶೋಧಕರು ದಾಖಲಿಸಿದರು.

ಮಗಳ ಮಾತಲ್ಲೂ ಹುರುಳಿದೆ. ಸಮುದ್ರ ಕಾದದ್ದು ಇಡೀ ಲೋಕ ಸುಟ್ಟ ಕಲ್ಲಿದ್ದಲು, ಎಣ್ಣೆಯಿಂದ. ಆದರೆ ಅಲ್ಲಿ ಬಾವಿಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುವ ಪದರ. ಹೆಚ್ಚು ಎಳೆದರೆ ಉಪ್ಪು ಮೇಲೇರುತ್ತದೆ. ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನೇ ಸಿಹಿಯಾಗಿಸುವ ಘಟಕವಿದೆ, ಆದರೂ ಎರಡೆರಡು ಸಲ ಶವರ್ ಕೆಳಗೆ ನಿಲ್ಲಬೇಡಿ.

ಪರವಾನಗಿ ಮೊದಲೇ ಮಾಡಿಸಿ. ಕೊಚ್ಚಿಯಿಂದ ಹಡಗೂ ಇದೆ, ಅಗತ್ತಿಗೆ ವಿಮಾನವೂ ಇದೆ. ಪುರುಸೊತ್ತಿದ್ದರೆ ಹಡಗೇ ಚೆನ್ನ. ನೀರಿಗಿಳಿಯುವಾಗ ಸನ್‌ಸ್ಕ್ರೀನ್ ಬಳಿದುಕೊಳ್ಳುವ ಬದಲು ತುಂಬುತೋಳಿನ ಬಟ್ಟೆ ತೊಡಿ. ಹವಳದ ಮೇಲೆ ಕಾಲೂರಿ ನಿಂತು ಫೋಟೊ ಬೇಡವೇ ಬೇಡ. ಊಟಕ್ಕೆ ಗಾಳದಲ್ಲಿ ಹಿಡಿದ ಟ್ಯೂನಾ ಕೇಳಿ, ಗಿಳಿಮೀನು ಬಡಿಸಿದರೆ ಬೇಡವೆನ್ನಿ. ಸತ್ತ ಹವಳದ ಮೇಲೆ ಹಬ್ಬುವ ಪಾಚಿ ಮೇಯ್ದು ಹೊಸ ಹವಳಕ್ಕೆ ಜಾಗ ಮಾಡಿಕೊಡುವುದು ಅದೇ.

ಪ್ರಶ್ನೆ: ದಡದಲ್ಲಿ ಬಿದ್ದಿರುವ ಸತ್ತ ಹವಳದ ತುಂಡು ತರಬಹುದೇ? ಶೋಕೇಸಿಗೆ.
– ಓದುಗರೊಬ್ಬರು, ಹಾಸನ

ಉತ್ತರ: ಬೇಡ. ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೇ. ಅಲ್ಲಿಯ ಬಿಳಿ ಮರಳು ಇಂಥ ತುಂಡುಗಳೇ ಪುಡಿಯಾಗಿ ಆದದ್ದು. ಬಿದ್ದಲ್ಲೇ ಇರಲಿ ಬಿಡಿ.