ಕೀನ್ಯಾಕ್ಕೆ ಬರುತ್ತೇನೆ ಅಂದ ಪಾಂಡವಪುರದ ತಮ್ಮನಿಗೆ

ತಮ್ಮಾ, ನಿನ್ನ ಮೆಸೇಜ್ ಓದಿದೆ. ಪಾಂಡವಪುರದ ಪಂಪ್‌ಸೆಟ್ ಅಂಗಡಿ ಬಿಟ್ಟು ಕಿಸುಮುವಿಗೆ ಬಂದು, ಇಲ್ಲಿನ ಸಕ್ಕರೆ ಕಾರ್ಖಾನೆಗಳಿಗೆ ಪಂಪು, ಬಿಡಿಭಾಗ ಸಪ್ಲೈ ಮಾಡಬೇಕು ಅಂತಿದ್ದೀಯ. ಲೈಸೆನ್ಸ್ ಕಷ್ಟವಾ, ಲಂಚ ಜಾಸ್ತಿಯಾ, ಸರ್ಕಾರಿ ಕಾರ್ಖಾನೆಯ ಆರ್ಡರ್ ಹಿಡಿಯಲಾ, ನಾಲೆ ಕೆಳಗಿನ ಜಮೀನು ಮಾರಿ ಬರಲಾ ಅಂತ ಕೇಳಿದ್ದೀಯ.

ಲೈಸೆನ್ಸ್ ದೊಡ್ಡ ವಿಷಯ ಅಲ್ಲ. ಕಂಪನಿ ನೋಂದಣಿ ಇ-ಸಿಟಿಜನ್ ಜಾಲತಾಣದಲ್ಲೇ ಆಗುತ್ತದೆ. ತೆರಿಗೆಗೆ ಪಿನ್ ನಂಬರ್ ತಗೋ, ಕೌಂಟಿ (ಇಲ್ಲಿನ ಜಿಲ್ಲೆಯಂಥ ಆಡಳಿತ) ಪರ್ಮಿಟ್ ವರ್ಷವರ್ಷ ಮಾಡಿಸು. ವ್ಯಾಟ್ 16 ಪರ್ಸೆಂಟ್. ಚಿಲ್ಲರೆ ಗಿರಾಕಿ ನಿಂತಲ್ಲೇ ಮೊಬೈಲಿನ ಎಂ-ಪೆಸಾದಲ್ಲಿ ದುಡ್ಡು ಹಾಕುತ್ತಾನೆ. ಅದು 2007ರಿಂದಲೇ ಇದೆ, ನಮ್ಮ ಯುಪಿಐಗಿಂತ ಎಷ್ಟೋ ಮುಂಚೆ. ಊಟದ ಚಿಂತೆ ಬೇಡ, ಇಲ್ಲೂ ರಾಗಿ ಬೆಳೆಯುತ್ತಾರೆ.

ಲಂಚ ಕೇಳುವವರು ಇದ್ದಾರೆ. ಕಾಗದಪತ್ರ ಸರಿಯಾಗಿಟ್ಟುಕೊಂಡು ತಾಳ್ಮೆಯಿಂದ ಓಡಾಡಿದರೆ ಬಹಳಷ್ಟು ಕೆಲಸ ಆಗುತ್ತದೆ. ಅಂಗಡಿಯನ್ನು ಮುಳುಗಿಸುವುದು ಲಂಚ ಅಲ್ಲ, ಕೈಗೆ ಬಾರದ ಬಾಕಿ ದುಡ್ಡು.

ನಾನು ಬಂದ ಹೊಸದರಲ್ಲಿ ಮುಹೊರೋನಿ ಕಡೆ ರಸ್ತೆಯ ಎರಡೂ ಬದಿ ಕಬ್ಬು ನೋಡಿ ಜೀವ ಹಾಯ್ ಅಂದಿತ್ತು. ಇಲ್ಲಿ ನಾಲೆ ನೀರಿಲ್ಲ, ಮಳೆ ನಂಬಿದ ಬೆಳೆ. ಆದರೂ ಕಬ್ಬು ಕಬ್ಬೇ ಅಲ್ವಾ? ಮಂಡ್ಯದವನಿಗೆ ಇಲ್ಲೇನು ಭಯ ಅಂತ ಒಂದು ಸರ್ಕಾರಿ ಕಾರ್ಖಾನೆಗೆ ಜ್ಯೂಸ್ ಪಂಪಿನ ಶಾಫ್ಟು, ಇಂಪೆಲ್ಲರ್ ಮಾಡಿಸಿಕೊಟ್ಟೆ. ಎಲ್‌ಪಿಓ (ಮಾಲು ಬೇಕೆಂದು ಅವರೇ ಬರೆದುಕೊಟ್ಟ ಖರೀದಿ ಆದೇಶ) ಇತ್ತು, ಸ್ಟೋರಿನವರ ಸಹಿ, ಸೀಲು ಎಲ್ಲ ಇತ್ತು. ಅಕೌಂಟ್ಸ್ ರೂಮಿನ ಮೇಜಿನ ಮೇಲೆ ಬಿಲ್ಲುಗಳನ್ನು ದಾರದಲ್ಲಿ ಕಟ್ಟಿ ಇಟ್ಟಿರುತ್ತಿದ್ದರು. ಹೋದಾಗಲೆಲ್ಲ ಕಟ್ಟು ದಪ್ಪಗಾಗಿ, ನನ್ನ ಬಿಲ್ಲು ಇನ್ನಷ್ಟು ಕೆಳಗೆ ಸೇರಿರುತ್ತಿತ್ತು. ಅಷ್ಟರಲ್ಲಿ ಎಂಡಿ ಬದಲಾದರು. ಹಳೇ ಬಾಕಿ ನಮ್ಮ ಕಾಲದ್ದಲ್ಲ ಅಂದರು ಹೊಸಬರು. ಹೊರಗೆ ಜಗಲಿ ಮೇಲೆ ಕಬ್ಬು ಕೊಟ್ಟ ರೈತರೂ ನನ್ನ ಹಾಗೇ ಕಾಯುತ್ತಿದ್ದರು.

ಆ ದುಡ್ಡು ಬರಲೇ ಇಲ್ಲ. ಲೇತ್ ನಡೆಸುತ್ತಿದ್ದ ಹುಡುಗನನ್ನು ಕೆಲಸದಿಂದ ಬಿಡಿಸಬೇಕಾಯಿತು. ಚಿನ್ನದಂಥ ಕೈ ಅವನದು, ಹೆಂಡತಿ ಬಸುರಿ. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ.

ಇದಕ್ಕೆಲ್ಲ ಬೇರು ಒಂದೇ. ಎಂಡಿಯನ್ನು ಮೇಲಿನವರು ಕೂರಿಸುತ್ತಾರೆ, ಮೇಲಿನವರೇ ಎಬ್ಬಿಸುತ್ತಾರೆ. ನಷ್ಟವಾದರೆ ಯಾರ ಜೇಬೂ ಸುಡುವುದಿಲ್ಲ. ಷೇರುಪೇಟೆಗೆ ಬಂದ ಕಂಪನಿ ಅಂತಲೂ ಪೂರ್ತಿ ನಂಬಬೇಡ. ಮುಮಿಯಾಸ್ ಒಂದು ಕಾಲಕ್ಕೆ ಈ ದೇಶದ ಅತಿ ದೊಡ್ಡ ಸಕ್ಕರೆ ಕಂಪನಿ. 2001ರಲ್ಲಿ ಷೇರುಪೇಟೆಗೆ ಬಂತು. 2019ರಲ್ಲಿ ಸಾಲ ಕೊಟ್ಟ ಬ್ಯಾಂಕೇ ಸಾಲ ವಸೂಲಿಗೆ ಕಂಪನಿಯನ್ನು ವಶಕ್ಕೆ ತಗೊಳ್ಳುವ ರಿಸೀವರ್ ಅನ್ನು ಅಲ್ಲಿ ಕೂರಿಸಿತು.

ನಿನಗೆ ಇದನ್ನು ಬಿಡಿಸಿ ಹೇಳಬೇಕಾ? 1933ರ ಮಂಡ್ಯದ ಮೈಷುಗರ್ ಕಾರ್ಖಾನೆ ಎಷ್ಟು ಸಲ ನಿಂತಿತು, ಎಷ್ಟು ಸಲ ಶುರುವಾಯಿತು, ನೋಡಿಕೊಂಡೇ ಬೆಳೆದಿದ್ದೀಯ. ನಿಮ್ಮೂರಿನ ಸಹಕಾರಿ ಕಾರ್ಖಾನೆ 2020ರಲ್ಲಿ 40 ವರ್ಷದ ಗುತ್ತಿಗೆಗೆ ಹೋಯಿತು. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರಿಂದ ಆದೇಶ ಇದ್ದರೂ ನಮ್ಮ ಅಪ್ಪಂದಿರು ಗೇಟಿನ ಮುಂದೆ ಕೂತಿದ್ದು ನಿನಗೂ ಗೊತ್ತು.

ಇಲ್ಲೂ 2025ರಲ್ಲಿ ನಾಲ್ಕು ಸರ್ಕಾರಿ ಕಾರ್ಖಾನೆಗಳನ್ನು 30 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿದ್ದಾರೆ. ಅವರಿಗೆ ಮಾಲು ಕೊಡು, ಬೇಡ ಅನ್ನುವುದಿಲ್ಲ. ಆದರೆ ಅರ್ಧ ದುಡ್ಡು ಮುಂಗಡ ತಗೋ. ಆರ್ಡರ್ ಹಿಡಿಯುವ ಮುಂಚೆ ಕಾರ್ಖಾನೆ ಎದುರಿನ ಚಹಾದಂಗಡಿಯಲ್ಲಿ ಕೂತು, ರೈತರಿಗೆ ಕೊನೇ ಸಲ ಯಾವಾಗ ಬಟವಾಡೆ ಆಯಿತು ಅಂತ ವಿಚಾರಿಸು. ಕಬ್ಬು ಕೊಟ್ಟವನಿಗೇ ಕೊಡದವರು ಬೋಲ್ಟು ಕೊಟ್ಟವನಿಗೆ ಕೊಡುತ್ತಾರಾ? ಕೌಂಟಿ ಸರ್ಕಾರಗಳ ಟೆಂಡರಿಗೂ ಇದೇ ಮಾತು. 47 ಕೌಂಟಿಗಳಿವೆ, ಬಾಕಿ ಬಿಲ್ಲಿನ ಗೋಳು ಪೇಪರಿನಲ್ಲಿ ಬರುತ್ತಲೇ ಇರುತ್ತದೆ.

ಇನ್ನು ಜಮೀನು. ಹೊರಗಿನವರು ಸ್ವಂತ ವ್ಯಾಪಾರ ಮಾಡಲು ಜಿ ಕ್ಲಾಸ್ ಪರ್ಮಿಟ್ ಬೇಕು, ಅದಕ್ಕೆ 1 ಲಕ್ಷ ಡಾಲರ್ ಬಂಡವಾಳ ತೋರಿಸಬೇಕು. ಅದಕ್ಕಾಗಿ ನಾಲೆ ಕೆಳಗಿನ ಗದ್ದೆ ಮಾರಬೇಡ ಕಣಪ್ಪ. ಅಂಥ ನೆಲ ಮತ್ತೆ ಸಿಗುವುದಿಲ್ಲ. ಮೊದಲು ನೌಕರಿಗೆ ಕೊಡುವ ಡಿ ಕ್ಲಾಸ್ ಪರ್ಮಿಟ್ ಮೇಲೆ ಯಾರದಾದರೂ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರು, ಎರಡು ಹಂಗಾಮು ಕಣ್ಣಾರೆ ನೋಡು. ನನಗೆ ಗೊತ್ತಿರುವ ಒಂದೆರಡು ಕಡೆ ವಿಚಾರಿಸುತ್ತೇನೆ. ನಿನ್ನ ಐಟಿಐ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿ ಕಳಿಸು.