ತೈಲ, ಅನಿಲ ಕಂಪನಿಗಳ ಷೇರು ಈಗಲೇ ಶೇಕಡ 40 ಇದೆ, ಇನ್ನೂ ಕೊಳ್ಳಬಹುದೇ?

ಓದುವ ಬೇರೆಯವರಿಗೂ ತಿಳಿಯಲಿ ಎಂದು ನಿಮ್ಮ ಪ್ರಶ್ನೆಯನ್ನು ಮೊದಲು ಚುಟುಕಾಗಿ ಹೇಳುತ್ತೇನೆ. ನಿಮ್ಮ ಊರು ಉಡುಪಿ ಕಡೆ, ಕೆಲಸ ಅಬುಧಾಬಿಯ ಒಂದು ತೈಲ ಸೇವಾ ಕಂಪನಿಯಲ್ಲಿ. ಷೇರುಗಳಲ್ಲಿ ಹಾಕಿದ ಹಣದ ಶೇಕಡ 40ರಷ್ಟು ಒಎನ್‌ಜಿಸಿ, ಇಂಡಿಯನ್ ಆಯಿಲ್, ಎಂಆರ್‌ಪಿಎಲ್, ಗೇಲ್ ಈ ನಾಲ್ಕರಲ್ಲೇ ಇದೆ. ಡಿವಿಡೆಂಡ್ (ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಹಣ) ಚೆನ್ನಾಗಿ ಬಂದಿದೆ. ಕ್ರೂಡ್, ಅಂದರೆ ಕಚ್ಚಾ ತೈಲದ ಬೆಲೆ ಏರಿದರೆ ನಾಲ್ಕೂ ಏರುತ್ತವೆ ಅಲ್ವಾ, ಇನ್ನಷ್ಟು ಕೊಳ್ಳಲೇ ಎಂದು ಕೇಳಿದ್ದೀರಿ.

ನನ್ನ ಉತ್ತರ: ಬೇಡ. ಇರುವುದನ್ನೂ ನಿಧಾನವಾಗಿ ಕಡಿಮೆ ಮಾಡಿ. ನಾನು ನೋಂದಾಯಿತ ಸಲಹೆಗಾರನಲ್ಲ. ಸುರತ್ಕಲ್ ಕಡೆಯವನು, ಈ ಕಂಪನಿಗಳ ಫಲಿತಾಂಶಗಳನ್ನು ಹಲವು ವರ್ಷಗಳಿಂದ ಓದುತ್ತಾ ಬಂದವನು. ಆ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ನಿಮ್ಮ ಸಂಬಳದ ವಿಷಯ. ಇದನ್ನು ನೀವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ನಿಮ್ಮ ತಿಂಗಳ ಆದಾಯ ತೈಲದಿಂದಲೇ ಬರುತ್ತಿದೆ. 2014ರ ಜೂನ್‌ನಲ್ಲಿ ಜಗತ್ತಿನ ತೈಲ ಬೆಲೆಗೆ ಅಳತೆಗೋಲಾದ ಬ್ರೆಂಟ್ ಕ್ರೂಡ್ ಬ್ಯಾರೆಲ್‌ಗೆ 115 ಡಾಲರ್ ಹತ್ತಿರ ಇತ್ತು. 2016ರ ಜನವರಿಗೆ 30 ಡಾಲರ್‌ಗಿಂತ ಕೆಳಗೆ ಬಂತು. ಆಗ ಕೊಲ್ಲಿಯಲ್ಲಿ ಎಷ್ಟು ಪ್ರಾಜೆಕ್ಟ್‌ಗಳು ನಿಂತವು, ಎಷ್ಟು ಜನ ಊರಿಗೆ ವಾಪಸ್ ಬಂದರು ಎಂದು ಕರಾವಳಿಯವರಿಗೆ ಯಾರೂ ಹೇಳಬೇಕಾಗಿಲ್ಲ. 2020ರಲ್ಲಿ ಮತ್ತೆ ಅದೇ ಆಯಿತು. ಅಂಥ ಹೊತ್ತಿನಲ್ಲಿ ಕೆಲಸಕ್ಕೂ ಕುತ್ತು, ಮಾರಿ ಬಳಸೋಣ ಎಂದುಕೊಂಡ ಷೇರಿಗೂ ಬೆಲೆ ಇಲ್ಲ ಎಂದರೆ ಕೈಗೆ ಏನು ಉಳಿಯುತ್ತದೆ? ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರು ಇದೇ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಇನ್ನು, ಕ್ರೂಡ್ ಏರಿದರೆ ನಾಲ್ಕೂ ಏರುತ್ತವೆ ಎಂಬ ಮಾತು. ಇದು ನಿಜವಲ್ಲ. ನಾಲ್ಕೂ ಒಂದೇ ವಲಯದ ಪಟ್ಟಿಯಲ್ಲಿ ಕಾಣುತ್ತವೆ, ಆದರೆ ನಾಲ್ಕರ ವ್ಯಾಪಾರವೂ ಬೇರೆ.

ಒಎನ್‌ಜಿಸಿ ನೆಲದಿಂದ, ಸಮುದ್ರದಿಂದ ತೈಲ ತೆಗೆದು ಮಾರುತ್ತದೆ. ಕ್ರೂಡ್ ಏರಿದರೆ ಇದಕ್ಕೆ ಲಾಭ, ಲೆಕ್ಕದ ಪ್ರಕಾರ. ಆದರೆ ಬೆಲೆ ತೀರಾ ಏರಿದಾಗ ಸರ್ಕಾರ ತನ್ನ ಪಾಲು ಕೇಳುತ್ತದೆ. 2013-14ರಲ್ಲಿ ಕ್ರೂಡ್ 100 ಡಾಲರ್ ಮೇಲಿತ್ತು. ಅಗ್ಗದ ದರಕ್ಕೆ ಇಂಧನ ಮಾರುತ್ತಿದ್ದ ಸರ್ಕಾರಿ ಕಂಪನಿಗಳ ನಷ್ಟದಲ್ಲಿ ಪಾಲು ಹೊರಬೇಕಾಗಿ ಬಂದು ಒಎನ್‌ಜಿಸಿಗೆ ಉಳಿದದ್ದು ಬ್ಯಾರೆಲ್‌ಗೆ 40 ಡಾಲರ್ ಆಸುಪಾಸು ಮಾತ್ರ. ಆ ಪದ್ಧತಿ ಆಮೇಲೆ ನಿಂತಿತು. ಆದರೆ 2022ರ ಜುಲೈನಲ್ಲಿ ವಿಂಡ್‌ಫಾಲ್ ತೆರಿಗೆ, ಅಂದರೆ ಬೆಲೆ ಏರಿ ಬಂದ ಹೆಚ್ಚುವರಿ ಲಾಭದ ಮೇಲಿನ ತೆರಿಗೆ ಬಂತು, ಶುರುವಿಗೆ ಟನ್‌ಗೆ 23,250 ರೂಪಾಯಿ. 2024ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದರು. ಕ್ರೂಡ್ ಮತ್ತೆ ಜೋರಾಗಿ ಏರಿದರೆ ಇಂಥದ್ದೇ ಇನ್ನೊಂದು ಬರಬಹುದು ಎಂದೇ ಇಟ್ಟುಕೊಳ್ಳಿ. ಅಂದರೆ ಕ್ರೂಡ್ ಇಳಿದಾಗ ಪೂರ್ತಿ ಪೆಟ್ಟು ಷೇರುದಾರನಿಗೆ, ಏರಿದಾಗ ಲಾಭ ಮಾತ್ರ ಒಂದು ಮಟ್ಟದವರೆಗೆ.

ಇಂಡಿಯನ್ ಆಯಿಲ್ ಕಥೆ ಹೆಚ್ಚುಕಡಿಮೆ ಉಲ್ಟಾ. ಇದು ಕ್ರೂಡ್ ಕೊಂಡು, ಸಂಸ್ಕರಿಸಿ, ಬಂಕ್‌ಗಳಲ್ಲಿ ಮಾರುತ್ತದೆ. ಪೆಟ್ರೋಲ್ ಬೆಲೆಯನ್ನು 2010ರಲ್ಲಿ, ಡೀಸೆಲ್ ಬೆಲೆಯನ್ನು 2014ರಲ್ಲಿ ಕಾಗದದ ಮೇಲೆ ಮುಕ್ತ ಮಾಡಿದ್ದಾರೆ. ಆದರೆ 2021ರ ನವೆಂಬರ್‌ನಿಂದ 2022ರ ಮಾರ್ಚ್‌ವರೆಗೆ, ಉತ್ತರ ಪ್ರದೇಶ ಮತ್ತಿತರ ಚುನಾವಣೆಗಳು ಮುಗಿಯುವ ತನಕ, ಕ್ರೂಡ್ ಏರುತ್ತಿದ್ದರೂ ಬಂಕ್ ಬೆಲೆ ಕದಲಲಿಲ್ಲ. 2022ರ ಏಪ್ರಿಲ್-ಜೂನ್‌ನಲ್ಲಿ ಇಂಡಿಯನ್ ಆಯಿಲ್, ಅದರಂತೆಯೇ ಬಂಕ್ ನಡೆಸುವ ಸರ್ಕಾರಿ ಕಂಪನಿಗಳಾದ ಬಿಪಿಸಿಎಲ್, ಎಚ್‌ಪಿಸಿಎಲ್ ಮೂರೂ ಸೇರಿ 18,000 ಕೋಟಿ ರೂಪಾಯಿಗೂ ಜಾಸ್ತಿ ನಷ್ಟ ತೋರಿಸಿದವು. ಕ್ರೂಡ್ ಇಳಿದ ಮೇಲೂ ಬಂಕ್ ಬೆಲೆ ಇಳಿಸಲಿಲ್ಲ. 2023-24ರಲ್ಲಿ ಇದೇ ಮೂರು ಕಂಪನಿಗಳ ಲಾಭ 80,000 ಕೋಟಿ ದಾಟಿತು. ಪಂಪ್‌ನಲ್ಲಿ ನಾವು ಕೊಟ್ಟ ದುಡ್ಡೇ ಅದು. ಹಾಗಂತ ಕ್ರೂಡ್ ಇಳಿದಾಗಲೆಲ್ಲ ಇವಕ್ಕೆ ಹಬ್ಬ ಎಂದಲ್ಲ. ಕೊಂಡ ಕ್ರೂಡ್ ಹಡಗಿನಲ್ಲಿ ಬಂದು, ಸಂಸ್ಕರಣೆ ಆಗಿ, ಮಾರಾಟವಾಗಲು ವಾರಗಟ್ಟಲೆ ಬೇಕು. ಅಷ್ಟರಲ್ಲಿ ಬೆಲೆ ಕುಸಿದರೆ ದಾಸ್ತಾನಿನ ಮೇಲೆ ನಷ್ಟ. 2020ರ ಜನವರಿ-ಮಾರ್ಚ್‌ನಲ್ಲಿ ಇಂಡಿಯನ್ ಆಯಿಲ್‌ಗೆ 5,000 ಕೋಟಿಗೂ ಮೇಲೆ ನಷ್ಟವಾದದ್ದು ಮುಖ್ಯವಾಗಿ ಇದರಿಂದ. ನಿಧಾನವಾಗಿ ಇಳಿದು ಅಲ್ಲೇ ನಿಂತರೆ ಇವಕ್ಕೆ ಒಳ್ಳೆಯದು.

ಮಂಗಳೂರಿನ ಎಂಆರ್‌ಪಿಎಲ್ ಬಗ್ಗೆ ನಮ್ಮ ಕಡೆಯವರಿಗೆ ಒಂದು ಅಭಿಮಾನ ಇದೆ. ನನಗೂ ಇದೆ. ಎಷ್ಟೋ ಮನೆಗಳಲ್ಲಿ ಈ ಷೇರು ತೊಂಬತ್ತರ ದಶಕದಿಂದ ಇದೆ. ಆದರೆ ಅಭಿಮಾನ ಬೇರೆ, ಬಂಡವಾಳ ಬೇರೆ. ಇದು ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯದ ಒಂದೇ ಒಂದು ಸಂಸ್ಕರಣಾಗಾರ. ಸ್ವಂತ ಬಂಕ್‌ಗಳು ಬಹಳ ಕಡಿಮೆ. ಹಾಗಾಗಿ ಲಾಭ ನಿಂತಿರುವುದು ಕ್ರೂಡ್ ಬೆಲೆಗೂ ಡೀಸೆಲ್, ಪೆಟ್ರೋಲ್, ವಿಮಾನ ಇಂಧನದ ಅಂತರರಾಷ್ಟ್ರೀಯ ಬೆಲೆಗೂ ನಡುವಿನ ಅಂತರದ ಮೇಲೆ. ಇದನ್ನೇ ರಿಫೈನಿಂಗ್ ಮಾರ್ಜಿನ್ ಅನ್ನುತ್ತಾರೆ, ಫಲಿತಾಂಶಗಳಲ್ಲಿ ಜಿಆರ್‌ಎಂ ಎಂದು ಕಾಣುತ್ತದೆ. ಆ ಅಂತರ ಹಿಗ್ಗಿದ್ದ 2023-24ರಲ್ಲಿ ಲಾಭ 3,500 ಕೋಟಿ ದಾಟಿತ್ತು. ಮರುವರ್ಷ 100 ಕೋಟಿಯೂ ಬರಲಿಲ್ಲ. ಅದೇ ಕಾರ್ಖಾನೆ, ಅದೇ ಜನ, ಅದೇ ಬಂದರು. ಮೇಲಾಗಿ ಶೇಕಡ 88ರಷ್ಟು ಷೇರು ಒಎನ್‌ಜಿಸಿ ಮತ್ತು ಎಚ್‌ಪಿಸಿಎಲ್ ಕೈಯಲ್ಲಿದೆ. ಪೇಟೆಯಲ್ಲಿ ಓಡಾಡುವ ಷೇರು ಸ್ವಲ್ಪವೇ ಆದ್ದರಿಂದ ಬೆಲೆ ಏರುವಾಗಲೂ ಇಳಿಯುವಾಗಲೂ ಜಿಗಿತ ದೊಡ್ಡದು.

ಗೇಲ್ ಬಹುಪಾಲು ಪೈಪ್‌ಲೈನ್ ಕಂಪನಿ. ಕೊಚ್ಚಿಯಿಂದ ಮಂಗಳೂರಿಗೆ ಬಂದು 2021ರ ಜನವರಿಯಲ್ಲಿ ಉದ್ಘಾಟನೆಯಾದ ಅನಿಲ ಕೊಳವೆ ಇದರದ್ದೇ. ಸಾಗಣೆ ದರವನ್ನು ನಿಯಂತ್ರಣ ಮಂಡಳಿ ನಿಗದಿ ಮಾಡುತ್ತದೆ, ಹಾಗಾಗಿ ಆ ಭಾಗದ ಆದಾಯ ತಕ್ಕಮಟ್ಟಿಗೆ ಸ್ಥಿರ. ಅನಿಲ ವ್ಯಾಪಾರ ಮತ್ತು ಪೆಟ್ರೋಕೆಮಿಕಲ್ ಭಾಗ ಮಾತ್ರ ಏರಿಳಿಯುತ್ತದೆ. ನಾಲ್ಕರಲ್ಲಿ ನನಗೆ ಅತಿ ಕಡಿಮೆ ಚಿಂತೆ ಇದರದ್ದು.

ಈಗ ಡಿವಿಡೆಂಡ್. ತುಂಬಾ ಜನ ಸಿಕ್ಕಿಬೀಳುವುದು ಇಲ್ಲೇ. ಇಂಡಿಯನ್ ಆಯಿಲ್ 2023-24ಕ್ಕೆ ಒಟ್ಟು 12 ರೂಪಾಯಿ ಡಿವಿಡೆಂಡ್ ಕೊಟ್ಟಿತು. 2024-25ಕ್ಕೆ ಕೊಟ್ಟದ್ದು 3 ರೂಪಾಯಿ. ಲಾಭ 39,000 ಕೋಟಿಯಿಂದ 13,000 ಕೋಟಿ ಹತ್ತಿರಕ್ಕೆ ಇಳಿದಿತ್ತು. ಆ 12 ರೂಪಾಯಿ ನೋಡಿ, ಎಫ್‌ಡಿಗಿಂತ ಜಾಸ್ತಿ ಬರುತ್ತದೆ ಎಂದು ಲೆಕ್ಕ ಹಾಕಿ ಕೊಂಡವರಿಗೆ ಏನಾಯಿತು ಯೋಚಿಸಿ. ಈ ವಲಯದಲ್ಲಿ ಡಿವಿಡೆಂಡ್ ತುಂಬಾ ಚೆನ್ನಾಗಿ, ಪಿಇ (ಷೇರಿನ ಬೆಲೆ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ) ತುಂಬಾ ಅಗ್ಗವಾಗಿ ಕಾಣುವುದು ಲಾಭ ತುತ್ತತುದಿಯಲ್ಲಿ ಇರುವಾಗ. ಹಿಂದಿನ ಒಂದೇ ವರ್ಷ ನೋಡುವ ಬದಲು, ಏಳೆಂಟು ವರ್ಷಗಳ ಡಿವಿಡೆಂಡ್ ಬರೆದುಕೊಂಡು ಸರಾಸರಿ ತೆಗೆಯಿರಿ. ಆ ಸರಾಸರಿಯನ್ನು ಈಗಿನ ಬೆಲೆಯಿಂದ ಭಾಗಿಸಿ ನೋಡಿ. ಎಂಆರ್‌ಪಿಎಲ್‌ಗೆ ಇದನ್ನು ಮಾಡಿದರೆ ಏನೂ ಕೊಡದ ವರ್ಷಗಳೂ ಕಾಣುತ್ತವೆ.

ಹಾಗಾದರೆ ಏನು ಮಾಡಬೇಕು? ಈ ವಲಯಕ್ಕೆ ನಾನು ಇಟ್ಟುಕೊಂಡ ಮಿತಿ ಒಟ್ಟು ಷೇರು ಹಣದ ಶೇಕಡ 10. ನಿಮ್ಮ ಕೆಲಸವೂ ತೈಲದ್ದೇ ಆದ್ದರಿಂದ ನಿಮಗೆ ಅದಕ್ಕಿಂತ ಜಾಸ್ತಿ ಬೇಡ. ಲೆಕ್ಕ ಹಾಕುವಾಗ ಮ್ಯೂಚುವಲ್ ಫಂಡ್ ಒಳಗೆ ಇರುವುದನ್ನೂ ಸೇರಿಸಿ. ನಿಫ್ಟಿ 50 ಫಂಡ್‌ನಲ್ಲಿ ರಿಲಯನ್ಸ್ ಮತ್ತು ಒಎನ್‌ಜಿಸಿ ಇವೆ. ಸರ್ಕಾರಿ ಕಂಪನಿಗಳ ಇಟಿಎಫ್ ಇದ್ದರೆ ಅದರಲ್ಲೂ ಒಎನ್‌ಜಿಸಿ ಇರುತ್ತದೆ. ನಿಮ್ಮ 40 ನಿಜವಾಗಿ 45 ಇರಬಹುದು.

ಯಾವುದನ್ನು ಮೊದಲು ಮಾರಬೇಕು ಎಂಬುದಕ್ಕೆ ನನ್ನ ಕ್ರಮ ಹೀಗೆ: ಎಂಆರ್‌ಪಿಎಲ್ ಮೊದಲು, ಆಮೇಲೆ ಒಎನ್‌ಜಿಸಿ. ಒಎನ್‌ಜಿಸಿ ಕೆಟ್ಟ ಕಂಪನಿ ಎಂದಲ್ಲ. ನಿಮ್ಮ ಸಂಬಳ ಯಾವ ದಿಕ್ಕಿಗೆ ಹೋಗುತ್ತದೋ ಅದೂ ಅದೇ ದಿಕ್ಕಿಗೆ ಹೋಗುತ್ತದೆ. 2014ರ ನಂತರ ಕ್ರೂಡ್ ಇಳಿದಾಗ ಒಎನ್‌ಜಿಸಿ ಷೇರು ಸೊರಗಿತು, ಬಂಕ್ ಕಂಪನಿಗಳ ಷೇರು ಹಲವು ಪಟ್ಟು ಬೆಳೆಯಿತು. ಕೊಲ್ಲಿಯಲ್ಲಿ ಕೆಲಸ ಮಾಡುವವರಿಗೆ ಈ ವಲಯದಲ್ಲಿ ಏನಾದರೂ ಇರಲೇಬೇಕು ಎಂದರೆ ಇಂಡಿಯನ್ ಆಯಿಲ್ ಥರದ್ದು ಮತ್ತು ಗೇಲ್ ವಾಸಿ. ಚುನಾವಣೆ ಹತ್ತಿರ ಇರುವಾಗ ಕ್ರೂಡ್ ಏರುತ್ತಿದ್ದರೆ ಮಾತ್ರ ಬಂಕ್ ಕಂಪನಿಗಳನ್ನು ಹೊಸದಾಗಿ ಕೊಳ್ಳಲು ಹೋಗಬೇಡಿ.

ಎಲ್ಲವನ್ನೂ ಒಂದೇ ದಿನ ಮಾರುವ ಅಗತ್ಯವಿಲ್ಲ. ಒಂದು ವರ್ಷ ದಾಟಿದ ಷೇರಿನ ಲಾಭಕ್ಕೆ 2024ರ ಜುಲೈ 23ರಿಂದ ಶೇಕಡ 12.5 ತೆರಿಗೆ, ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ಇಲ್ಲ. ಅರ್ಧ ಮಾರ್ಚ್ ಮುಗಿಯುವ ಮೊದಲು, ಅರ್ಧ ಏಪ್ರಿಲ್‌ನಲ್ಲಿ ಮಾರಿದರೆ ಎರಡು ಹಣಕಾಸು ವರ್ಷಗಳ ವಿನಾಯಿತಿ ಸಿಗುತ್ತದೆ. ಅನಿವಾಸಿ ಆದ್ದರಿಂದ ಮಾರುವಾಗಲೇ ಟಿಡಿಎಸ್ ಹಿಡಿಯುತ್ತಾರೆ, ಹೆಚ್ಚಾದದ್ದನ್ನು ರಿಟರ್ನ್ ಹಾಕಿ ವಾಪಸ್ ಪಡೆಯಿರಿ. ಡಿವಿಡೆಂಡ್ ಮೇಲೂ ಸುಮ್ನೆ ಶೇಕಡ 20 ಕಟ್ ಆಗಲು ಬಿಡಬೇಡಿ. ಭಾರತ-ಯುಎಇ ತೆರಿಗೆ ಒಪ್ಪಂದದಲ್ಲಿ ಅದು ಶೇಕಡ 10. ಅಲ್ಲಿನ ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್ (ತೆರಿಗೆ ಲೆಕ್ಕದಲ್ಲಿ ಅಲ್ಲಿನ ನಿವಾಸಿ ಎಂಬ ಪತ್ರ) ತೆಗೆದು ಪ್ರತಿ ವರ್ಷ ಕಂಪನಿಯ ಷೇರುದಾರರ ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್‌ಗೆ ಕಳಿಸಬೇಕು. ನಾಲ್ಕು ಕಂಪನಿಗೂ ಬೇರೆ ಬೇರೆಯಾಗಿ ಕಳಿಸಿ, ಡಿವಿಡೆಂಡ್ ದಿನಾಂಕಕ್ಕೆ ಮೊದಲೇ ತಲುಪುವ ಹಾಗೆ ನೋಡಿಕೊಳ್ಳಿ.